ಅಂಡಮಾನ್‌ಗೆ ಮಳೆ ಮೊದಲೇ ಬರುತ್ತದೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರಲಿ, ಆಮೇಲೆ ಮೇ ಕೊನೆಯಲ್ಲಿ ಅಂಡಮಾನ್‌ಗೆ ಹೋದರಾಯಿತು ಎಂದುಕೊಳ್ಳುವ ಕುಟುಂಬಗಳುಂಟು. ರಜೆ ಇನ್ನೂ ಉಳಿದಿರುತ್ತದೆ, ಇಲ್ಲಿ ಬಿಸಿಲೂ ಇರುತ್ತದೆ. ಆದರೆ ಅಲ್ಲಿ?

ನೈಋತ್ಯ ಮುಂಗಾರು ಕೇರಳವನ್ನು ಮುಟ್ಟುವುದು ವಾಡಿಕೆಯಂತೆ ಜೂನ್ 1ರ ಸುಮಾರಿಗೆ. ಅದಕ್ಕೂ ಮೊದಲು, ಮೇ ಮೂರನೆಯ ವಾರದ ಹೊತ್ತಿಗೇ ಅದು ಅಂಡಮಾನ್ ತಲುಪಿರುತ್ತದೆ. ಮುಂಗಾರು ಹಿಂದೆ ಸರಿದ ಮೇಲೂ ಹಿಂಗಾರಿನ ಮಳೆ ಡಿಸೆಂಬರ್‌ವರೆಗೆ ಇದ್ದೇ ಇರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಅದು ಚಂಡಮಾರುತಗಳ ಕಾಲವೂ ಹೌದು. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು 3,000 ಮಿ.ಮೀ.; ಬೆಂಗಳೂರಿನದರ ಮೂರು ಪಟ್ಟು.

ಮಳೆಯಲ್ಲಿ ನೆನೆಯುವುದು ದೊಡ್ಡ ಮಾತಲ್ಲ. ಬಿರುಗಾಳಿ ಎದ್ದರೆ ಹಡಗುಗಳು ನಿಲ್ಲುತ್ತವೆ, ಅದೇ ತೊಂದರೆ. 2016ರ ಡಿಸೆಂಬರ್‌ನಲ್ಲಿ ಹೀಗೇ ಆಗಿ, ಹ್ಯಾವ್‌ಲಾಕ್ (ಈಗಿನ ಸ್ವರಾಜ್ ದ್ವೀಪ) ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆಯ ಹಡಗುಗಳು ಅವರ ನೆರವಿಗೆ ಹೋಗಬೇಕಾಯಿತು.

ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆ ಕಡಿಮೆ, ಕಡಲೂ ಸಾಮಾನ್ಯವಾಗಿ ಶಾಂತ. ಆದ್ದರಿಂದ ಫಲಿತಾಂಶಕ್ಕೆ ಕಾಯದೆ, ಪರೀಕ್ಷೆ ಮುಗಿಯುತ್ತಲೇ ಏಪ್ರಿಲ್‌ನಲ್ಲಿ ಹೊರಡುವುದು ಜಾಣತನ. ದೂರದ ದ್ವೀಪಗಳನ್ನು ಮೊದಲು ನೋಡಿ, ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ (ಈಗ ಶ್ರೀ ವಿಜಯ ಪುರಂ) ಮರಳಿರಬೇಕು. ಅಂಕಪಟ್ಟಿ ಹಿಂದಿರುಗಿದ ಮೇಲೂ ಸಿಗುತ್ತದೆ. ಮುಂಗಾರು ಮಾತ್ರ ಯಾರ ರಜೆಗೂ ಕಾಯುವುದಿಲ್ಲ.