ಮುಚ್ಚಿದ ಕರುಳಿಗೆ ಜಾಲರಿಯ ನಳಿಕೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಬಹುದು. ಕೆಲವು ತಿಂಗಳಿಂದ ಮಲದಲ್ಲಿ ಆಗಾಗ ರಕ್ತ ಕಾಣುತ್ತಿತ್ತು, ಮೂಲವ್ಯಾಧಿಯೆಂದು ಸುಮ್ಮನಾದರು. ಮಲಬದ್ಧತೆ ಹೆಚ್ಚಿತು, ಮನೆಯವರು ಕಷಾಯ ಕೊಟ್ಟರು. ಒಂದು ರಾತ್ರಿ ಹೊಟ್ಟೆ ಉಬ್ಬಿ ಬಿಗಿಯಿತು. ನೋವು ಅಲೆಅಲೆಯಾಗಿ ಬಂದಿತು. ಮಲವಷ್ಟೇ ಅಲ್ಲ, ವಾಯುವೂ ಹೊರಡದಾಯಿತು, ಉಂಡದ್ದೆಲ್ಲ ವಾಂತಿಯಾಯಿತು. ಆಸ್ಪತ್ರೆಯ ಪರೀಕ್ಷೆಯಲ್ಲಿ ದೊಡ್ಡ ಕರುಳಿನ ಎಡಭಾಗವನ್ನು ಕ್ಯಾನ್ಸರ್ ಗಂತಿ ಮುಚ್ಚಿರುವುದೂ, ರೋಗ ಯಕೃತ್ತಿಗೆ ಹರಡಿರುವುದೂ ತಿಳಿದುಬಂದಿತು.

ವೈಟ್‌ಫೀಲ್ಡಿನ ಕಚೇರಿಯಿಂದ ಓಡಿಬಂದ ಮಗಳಿಗೆ ವೈದ್ಯರು ಸ್ಟೆಂಟ್ ಹಾಕುವ ಮಾತನ್ನೆತ್ತಿದರು.

“ಅದರಿಂದ ಅಪ್ಪನಿಗೆ ವಾಸಿಯಾಗುತ್ತದೆಯೆ, ಡಾಕ್ಟರೆ?”

“ಇಲ್ಲಮ್ಮ. ಆದರೆ ನೋವು ಇಳಿಯುತ್ತದೆ, ಊಟ ಸೇರುತ್ತದೆ, ಮನೆಗೆ ಹೋಗಬಹುದು.”

ಈ ಉತ್ತರವನ್ನು ಸರಿಯಾಗಿ ಅರಿತುಕೊಳ್ಳುವುದೇ ಇಂಥ ಸಂಸಾರಗಳ ಮೊದಲ ಕರ್ತವ್ಯ.

ಸ್ಟೆಂಟ್ ಎಂಬುದು ನಿಕ್ಕಲ್ ಮತ್ತು ಟೈಟೇನಿಯಂ ಲೋಹಗಳ ಮಿಶ್ರಣದಿಂದ ಹೆಣೆದ ಜಾಲರಿಯ ನಳಿಕೆ. ಅದನ್ನು ಸಣ್ಣದಾಗಿ ಮಡಿಸಿ, ಗುದದ್ವಾರದ ಮೂಲಕ ದರ್ಶಕಯಂತ್ರದ ನೆರವಿನಿಂದ ಒಳಗೆ ಕಳುಹಿಸುತ್ತಾರೆ. ಕ್ಷಕಿರಣದ ಪರದೆಯನ್ನು ನೋಡುತ್ತ, ಗಂತಿಯ ನಡುವೆ ತೆಳುವಾದ ತಂತಿಯನ್ನು ತೂರಿಸಿ, ಅದರ ಮೇಲೆ ನಳಿಕೆಯನ್ನು ಕೂರಿಸುತ್ತಾರೆ. ಹೊದಿಕೆ ಸರಿಸಿದೊಡನೆ ಅದು ತಾನೇ ಅರಳಿ ದಾರಿ ಬಿಡಿಸುತ್ತದೆ. ಪೂರ್ಣವಾಗಿ ಅರಳಲು ಒಂದೆರಡು ದಿನ ಹಿಡಿಯಬಹುದು. ದೊಡ್ಡ ಕರುಳಿನಲ್ಲಿ ಈ ಉಪಾಯವನ್ನು ಬಳಸಿದ ವರದಿ ೧೯೯೧ರಲ್ಲಿ ಪ್ರಕಟವಾಯಿತು.

ಇನ್ನೊಂದು ದಾರಿ ಶಸ್ತ್ರಚಿಕಿತ್ಸೆ. ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟುವುದು ಅದರ ಸಾಮಾನ್ಯ ರೂಪ. ಸ್ಟೆಂಟ್ ಹಾಕಿದರೆ ಬಹುಮಟ್ಟಿಗೆ ಚೀಲ ತಪ್ಪುತ್ತದೆ, ಆಸ್ಪತ್ರೆವಾಸ ಕಡಿಮೆಯಾಗುತ್ತದೆ, ಔಷಧ ಚಿಕಿತ್ಸೆಯನ್ನೂ ಬೇಗ ಆರಂಭಿಸಬಹುದು. ಆದರೆ ಅಪಾಯವೇ ಇಲ್ಲವೆಂದಲ್ಲ. ಕರುಳು ತೂತಾಗಬಹುದು, ನಳಿಕೆ ಜಾರಬಹುದು, ಗಂತಿ ಬೆಳೆದು ದಾರಿ ಮತ್ತೆ ಮುಚ್ಚಬಹುದು. ಗಂತಿ ಗುದದ್ವಾರಕ್ಕೆ ತೀರ ಸಮೀಪವಿದ್ದರೆ, ಕರುಳು ಹಲವೆಡೆ ಮುಚ್ಚಿದ್ದರೆ, ಅಥವಾ ಆಗಲೇ ತೂತಾಗಿದ್ದರೆ ಈ ಉಪಾಯ ಹೊಂದದು. ಕ್ಯಾನ್ಸರಿಗೆ ಯಾವ ಔಷಧ ಕೊಡುವರೆಂಬುದನ್ನೂ ಮೊದಲೇ ಕೇಳಬೇಕು. ಬೆವಾಸಿಜುಮಾಬ್‌ನಂಥವು ಸ್ಟೆಂಟ್ ಇರುವ ಕರುಳು ತೂತಾಗುವ ಭಯವನ್ನು ಹೆಚ್ಚಿಸುತ್ತವೆ.

ಮನೆಗೆ ಮರಳಿದ ಮೇಲೆ ಅಡುಗೆಮನೆಯ ಹೊಣೆ ದೊಡ್ಡದು. ಮೆತ್ತಗಿನ ಅನ್ನ, ತಿಳಿಸಾರು, ನುಣ್ಣಗೆ ಬೇಯಿಸಿದ ಬೇಳೆ, ಮಜ್ಜಿಗೆ ಹಿತ. ನಾರಿರುವ ಸೊಪ್ಪಿನ ದಂಟು, ನುಗ್ಗೆಕಾಯಿ, ಹಲಸು, ಸಿಪ್ಪೆಯುಳ್ಳ ಕಾಳುಗಳು ನಳಿಕೆಯಲ್ಲಿ ಸಿಕ್ಕಿಕೊಂಡಾವು. ನೀರು ಚೆನ್ನಾಗಿ ಕುಡಿಸಬೇಕು. ಮಲ ಮೃದುವಾಗಿರಲು ವೈದ್ಯರು ಹೇಳಿದ ಔಷಧವನ್ನು ತಪ್ಪಿಸಬಾರದು. ಹೊಟ್ಟೆನೋವು, ಜ್ವರ, ವಾಂತಿ ಕಾಣಿಸಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಎಲ್ಲಕ್ಕಿಂತ ಕಠಿನವಾದುದು ರೋಗಿಗೆ ಸತ್ಯ ತಿಳಿಸುವುದು. “ಅಪ್ಪನಿಗೆ ಹೇಳಬೇಡಿ” ಎಂದು ಬಾಗಿಲ ಮರೆಯಲ್ಲಿ ವೈದ್ಯರನ್ನು ಬೇಡುವ ಮಕ್ಕಳು ಎಷ್ಟೋ ಮಂದಿ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಉಳಿದ ದಿನಗಳು ಅಪ್ಪನವು. ಊರಿನ ಜಮೀನಿನ ಮಾತು ಮುಗಿಸುವುದಿದೆಯೋ, ಮುನಿದ ತಮ್ಮನನ್ನು ಕರೆಸುವುದಿದೆಯೋ, ಅವರಿಗೇ ಗೊತ್ತು. ಎಷ್ಟು ತಿಳಿಯಬೇಕೆಂದು ಅವರನ್ನೇ ಮೆಲ್ಲಗೆ ಕೇಳಿ, ಅಷ್ಟನ್ನು ಹೇಳುವುದು ಲೇಸು.

ಮುಂದಿನ ದಾರಿಯಲ್ಲಿ ಸಂಸಾರ ಒಂಟಿಯಾಗಬೇಕಾಗಿಲ್ಲ. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ೧೯೭೩ರಿಂದ ನಾಡಿನ ರೋಗಿಗಳಿಗೆ ಆಸರೆಯಾಗಿದೆ. ವೈಟ್‌ಫೀಲ್ಡಿನತ್ತ ಹೋಗುವಾಗ ಮಾರತ್ತಹಳ್ಳಿಯ ಬಳಿ ಸಿಗುವ ಕರುಣಾಶ್ರಯದಲ್ಲಿ, ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳ ನೋವು ಇಳಿಸಿ ಶುಶ್ರೂಷೆ ಮಾಡುತ್ತಾರೆ; ಹಣ ಪಡೆಯುವುದಿಲ್ಲ. ಅಲ್ಲಿನವರು ರೋಗಿಯ ಮನೆಗೂ ಬಂದು ನೋಡುವ ಏರ್ಪಾಡುಂಟು.

ಇನ್ನೂ ಆರೋಗ್ಯವಾಗಿರುವ ಮನೆಗಳಿಗೆ ಒಂದು ಮಾತು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಅಭ್ಯಾಸ, ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿಯುವುದು, ಇವನ್ನು ನಾಚಿಕೆಯಿಂದ ಮುಚ್ಚಿಡಬಾರದು. ಹೊಟ್ಟೆ ಉಬ್ಬಿ ವಾಯುವೂ ನಿಂತಾಗ ಮನೆಯಲ್ಲೇ ಭೇದಿಯ ಔಷಧ ಕೊಡುವುದಂತೂ ಅಪಾಯ. ಬೇಗ ಕಂಡುಹಿಡಿದ ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಿಂದ ವಾಸಿಯಾಗಬಲ್ಲದು. ಆ ಗೃಹಸ್ಥರ ಮಗಳು ಕೇಳಿದ ಪ್ರಶ್ನೆಗೆ ಆಗ ವೈದ್ಯರ ಉತ್ತರವೇ ಬೇರೆಯಾಗುತ್ತಿತ್ತು.