ಅಂಗೈಯಗಲದ ಚೇತಕ್



ಮೊಮ್ಮಗನ ಆಟಿಕೆಯ ವಿಚಾರವನ್ನು ಈ ಪುಟದಲ್ಲಿ ಬರೆಯುವ ಪ್ರಸಂಗ ಬಂದೀತೆಂದು ನಾವು ಎಣಿಸಿರಲಿಲ್ಲ. ಷಟ್‌ಸ್ಥಲ, ಅಷ್ಟಾವರಣಗಳ ವಿವೇಚನೆಗೆ ಮೀಸಲಾದ ಸ್ಥಳದಲ್ಲಿ ಪ್ಲಾಸ್ಟಿಕ್ಕಿನ ಹೆಲಿಕಾಪ್ಟರ್ ಬಂದಿಳಿದರೆ ಹಿರಿಯ ವಾಚಕರು ಹುಬ್ಬೇರಿಸುವುದು ಸಹಜವೇ. ನಮ್ಮ ಸಮಜಾಯಿಷಿ ಇಷ್ಟೇ: ಕಳೆದ ಬೇಸಿಗೆಯ ರಜೆಯಲ್ಲಿ ನಾವೊಂದು ತಪ್ಪು ಮಾಡಿದೆವು. ಹನ್ನೆರಡು ವರ್ಷದ ಹುಡುಗನೊಬ್ಬನ ಎದುರಿಗೆ ಮಾಡಿದ ಆ ತಪ್ಪನ್ನು ಹೇಳಬೇಕಾದರೆ ಹೆಲಿಕಾಪ್ಟರಿನ ಕಥೆಯನ್ನೂ ಹೇಳಲೇಬೇಕು.

ನಮ್ಮ ಮಗಳನ್ನು ಕೊಟ್ಟ ಊರು ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿದೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಏಕಕಾಲಕ್ಕೆ ಉಕ್ಕಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದಿಸಾಲಿನ ಹಳ್ಳಿಗಳು ನೀರಿನಲ್ಲಿ ನಿಂತುದನ್ನು ಈ ಭಾಗದವರಿಗೆ ಹೊಸದಾಗಿ ನೆನಪಿಸಬೇಕಾಗಿಲ್ಲ. ಮಗಳ ಮನೆಯವರು ಎತ್ತರದ ಶಾಲೆಯೊಂದರಲ್ಲಿ ದನಕರುಗಳ ಸಮೇತ ದಿನ ಕಳೆದರು. ಆಗ ಆರು ವರ್ಷದವನಾಗಿದ್ದ ಮೊಮ್ಮಗ, ಮೋಡದ ಕೆಳಗೆ ಹಾದುಹೋದ ಹೆಲಿಕಾಪ್ಟರನ್ನು ಆ ಶಾಲೆಯ ಮಾಳಿಗೆಯಿಂದ ಕಂಡ. ಅದು ಯಾವ ಜಾತಿಯದು, ಎಲ್ಲಿಗೆ ಹೊರಟಿತ್ತು ಎಂಬುದು ಅವನಿಗೆ ತಿಳಿಯುವಂತಿರಲಿಲ್ಲ. ಅದೇ ನೆರೆಯಲ್ಲಿ ಹಂಪಿಯ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ ಪ್ರವಾಸಿಗರನ್ನು ವಾಯುಸೇನೆಯ ಹೆಲಿಕಾಪ್ಟರುಗಳು ಎತ್ತಿ ತಂದ ಸುದ್ದಿ ಮುಂದೆ ಪತ್ರಿಕೆಯಲ್ಲಿ ಬಂದಿತು. ಹುಡುಗ ಆ ಚಿತ್ರವನ್ನು ಕತ್ತರಿಸಿ ಪಾಟಿಚೀಲದಲ್ಲಿ ಇಟ್ಟುಕೊಂಡ. ನೆರೆಯ ವಿಷಯವಾಗಿ ಆತ ಮಾತನಾಡಿದ್ದು ಕಡಿಮೆ; ಹೆಲಿಕಾಪ್ಟರಿನ ವಿಷಯವಾಗಿ ಮಾತ್ರ ಬಹಳ.

ಬೆಂಗಳೂರಿನಲ್ಲಿರುವ ನಮ್ಮ ಮಗ, ಅಂದರೆ ಹುಡುಗನ ಮಾಮಾ, ರಜೆಗೆಂದು ಒಂದು ಪೆಟ್ಟಿಗೆ ಕಳಿಸಿದ. ಒಳಗೆ ಬೂದುಬಣ್ಣದ ಕಡ್ಡಿಗಳ ಚೌಕಟ್ಟು, ಅದಕ್ಕೆ ಮಾವಿನ ಮಿಡಿಗಳಂತೆ ಜೋತುಬಿದ್ದ ಚೂರುಪಾರುಗಳು, ಬೇರೆ ಚೀಲದಲ್ಲಿ ಗಾಜಿನಂತಹ ಪಾರದರ್ಶಕ ತುಣುಕುಗಳು. ಹಣ ತೆತ್ತು ಮುರಿದ ಆಟಿಕೆಯನ್ನು ಕೊಂಡಂತಾಯಿತಲ್ಲ ಎಂದು ನಾವು ಒಳಗೊಳಗೇ ಗೊಣಗಿದ್ದುಂಟು.

ಪೆಟ್ಟಿಗೆಯ ಮೇಲಿದ್ದದ್ದು ಫ್ರಾನ್ಸ್ ದೇಶದ ಅಲುಯೆಟ್ 3. ಅದು 1959ರಲ್ಲಿ ಮೊದಲು ಹಾರಿತು. 1962ರ ಒಪ್ಪಂದದ ಮೇರೆಗೆ ಅದನ್ನು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಿಸಿ, ರಾಣಾ ಪ್ರತಾಪನ ಕುದುರೆಯ ಹೆಸರನ್ನಿಟ್ಟು ಚೇತಕ್ ಎಂದು ಕರೆದರು. ಅದರ ತಮ್ಮನಂತಿರುವ ಚೀತಾ ಹಿಮಾಲಯದ ಎತ್ತರಕ್ಕಾಗಿಯೇ, ನಮ್ಮ ಸೇನೆಯ ಅಗತ್ಯವನ್ನು ಮುಂದಿಟ್ಟುಕೊಂಡು ರೂಪುಗೊಂಡ ಯಂತ್ರ. ಅದರ ಫ್ರೆಂಚ್ ಮೂಲವಾದ ಲಾಮಾ 1972ರಲ್ಲಿ 12,442 ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿತು. ಇವೆರಡರ ಜಾಗಕ್ಕೆ ಬರಲೆಂದು ಅದೇ ಬೆಂಗಳೂರಿನಲ್ಲಿ ರೂಪಿಸಿದ ಹಗುರ ಹೆಲಿಕಾಪ್ಟರ್ 2016ರಲ್ಲಿ ಮೊದಲ ಬಾರಿ ಹಾರಿದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೊಂದು 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಇಷ್ಟು ವಿವರ ತಿಳಿದ ಮೇಲೆ ‘ಪರದೇಶದ ಆಟಿಕೆ’ ಎಂಬ ನಮ್ಮ ಆಕ್ಷೇಪ ತಾನಾಗಿಯೇ ಸಡಿಲಾಯಿತು.

ಪ್ರಮಾಣವೆಂಬುದು ಇಲ್ಲಿ ಸೊಗಸಾದ ಲೆಕ್ಕ. ಪೆಟ್ಟಿಗೆಯ ಮೇಲೆ 1/72 ಎಂದಿತ್ತು. ಆರು ಅಡಿಗೆ 72 ಅಂಗುಲ. ಆದ್ದರಿಂದ ಆರಡಿಯ ಆಳು ಇಲ್ಲಿ ಒಂದಂಗುಲದವನಾಗುತ್ತಾನೆ. ಚೇತಕ್‌ನ ರೆಕ್ಕೆಚಕ್ರದ ಅಗಲ ಹನ್ನೊಂದು ಮೀಟರು; ಮಾದರಿಯಲ್ಲಿ ಅದು ಹದಿನೈದು ಸೆಂಟಿಮೀಟರಿಗಿಂತ ಕೊಂಚವೇ ಹೆಚ್ಚು. ಹುಡುಗನಿಗೆ ಭಾಗಾಕಾರ ಬೇಸರ. ಇಲ್ಲಿ ಮಾತ್ರ ಗಾಲಿಯಿಂದ ಬಾಲದವರೆಗೆ ಎಲ್ಲವನ್ನೂ 72ರಿಂದ ಭಾಗಿಸಿ ನೋಡಿದ.

ಇದು ಕಾಯಕವೇ ಎಂದು ಕೇಳುವವರು ಇರಬಹುದು. ಅಲ್ಲ. ನುಲಿಯ ಚಂದಯ್ಯನವರು ಹುಲ್ಲು ಹೊಸೆದು ಮಾಡಿದ ಹಗ್ಗದಿಂದ ದಾಸೋಹ ನಡೆಯಿತು. ಈ ಹೆಲಿಕಾಪ್ಟರಿನಿಂದ ಒಂದು ಹಿಡಿ ಜೋಳವೂ ಬಾರದು. ಈಚೆಗೆ ಕಂಡಕಂಡದ್ದಕ್ಕೆಲ್ಲ ಕಾಯಕವೆಂಬ ಹೆಸರನ್ನು ಅಂಟಿಸುವ ಚಾಳಿಯೊಂದು ಬೆಳೆದಿದೆ. ನಮಗೆ ಅದು ಸೇರದು. ಆಟವನ್ನು ಆಟವೆಂದೇ ಕರೆಯೋಣ. ಆದರೆ ಕೈ ತಪ್ಪಿದರೆ ವಸ್ತುವೇ ಅದನ್ನು ತೋರಿಸಿಕೊಡುವಂತಹ ಆಟಗಳು ಕಡಿಮೆ; ಇದು ಅವುಗಳಲ್ಲೊಂದು.

ಮೊದಲ ಸಲ ಮಾಡುವವರ ಅನುಕೂಲಕ್ಕೆ ನಾವು ಕಲಿತಷ್ಟನ್ನು ಹೇಳುತ್ತೇವೆ. ಚೂರುಗಳನ್ನು ತಿರುವಿ ಕೀಳಬಾರದು. ಉಗುರು ಕತ್ತರಿಸುವ ಸಾಧನದಿಂದ ಕೊಂಚ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ನಯವಾದ ಪಾಲಿಶ್ ಕಾಗದದಿಂದ ತಿಕ್ಕಿ ತೆಗೆಯಬೇಕು. ಅದಕ್ಕೂ ಮುಂಚೆ ಚೌಕಟ್ಟನ್ನೆಲ್ಲ ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸುವುದು ಒಳ್ಳೆಯದು. ಅಚ್ಚಿನ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯದು. ಅಂಟು ಹಾಕುವ ಮುನ್ನ ಪ್ರತಿಯೊಂದನ್ನೂ ಬರಿದೇ ಜೋಡಿಸಿ ನೋಡಬೇಕು. ಈ ಕೆಲಸದ ಅಂಟು ನಿಜವಾಗಿ ಅಂಟಲ್ಲ, ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಬೆಸೆಯುವ ದ್ರವ. ಹೆಚ್ಚಾದರೆ ಮೈಯೆಲ್ಲ ಕರಗಿ ಕಲೆಯಾಗುತ್ತದೆ.

ಒಡಲಿನ ಎರಡು ಹೋಳುಗಳನ್ನು ಕೂಡಿಸುವ ಮೊದಲೇ ಒಳಗಿನ ನೆಲ, ಆಸನಗಳಿಗೆ ಬಣ್ಣ ಬಳಿಯಬೇಕು. ಆಮೇಲೆ ಕುಂಚ ಹೋಗದು. ಚೇತಕ್‌ನಲ್ಲಿ ಚಾಲಕನೂ ಸೇರಿ ಏಳು ಜನ ಕೂಡಬಹುದು, ಮುಂದೆ ಮೂವರು, ಹಿಂದೆ ನಾಲ್ವರು. ಗಾಲಿಗಳು ಮೂರು. ಬಾಲದ ಕಡೆ ಭಾರವಾದರೆ ಮಾದರಿ ಮೂಗೆತ್ತಿ ಕುಳಿತುಬಿಡುತ್ತದೆ. ಮೀನುಗಾರರು ಬಲೆಗೆ ಕಟ್ಟುವ ಸೀಸದ ಗುಂಡೊಂದನ್ನು ಹುಡುಗ ಹೊಳೆಯ ದಂಡೆಯಿಂದ ತಂದಿದ್ದ. ಅದನ್ನು ಮುಂಭಾಗದ ನೆಲದ ಕೆಳಗೆ ಅಡಗಿಸಿದೆವು.

ಬಣ್ಣವು ಹಾಲಿನಷ್ಟು ತೆಳುವಾಗಿರಬೇಕು. ಒಂದೇ ಸಲಕ್ಕೆ ಮುಚ್ಚಿಬಿಡುತ್ತೇನೆ ಎನ್ನುವವನು ಕೆಟ್ಟ. ಮೊದಲ ಬಳಿತ ಮಚ್ಚೆಮಚ್ಚೆಯಾಗಿ ಅಸಹ್ಯವಾಗಿಯೇ ಕಾಣುತ್ತದೆ. ರಾತ್ರಿಯೆಲ್ಲ ಒಣಗಲು ಬಿಟ್ಟು ಎರಡನೆಯದು, ಬೇಕಾದರೆ ಮೂರನೆಯದು. ನಾವು ಒಂದು ಬದಿಯನ್ನು ಹಸಿಯಾಗಿರುವಾಗಲೇ ಮತ್ತೆ ತಿದ್ದಲು ಹೋಗಿ ಕೆಳಗಿನ ಬಣ್ಣವನ್ನೂ ಎಬ್ಬಿಸಿದೆವು. ಹುಡುಗನ ಬದಿ ಕನ್ನಡಿಯಂತೆ ಬಂದಿತು. ಬಾಲ್ಯದಲ್ಲಿ ಮಠದಲ್ಲಿ ನಮಗೆ ಅಕ್ಷರ ತಿದ್ದಿಸಿದ ಗುರುಗಳು ತಾಳ್ಮೆಯ ವಿಷಯದಲ್ಲಿ ನಮ್ಮ ಮೇಲೆ ಸುರಿಸಿದ ಶ್ರಮವೆಲ್ಲ ಆ ದಿನ ನೆನಪಾಯಿತು.

ಇನ್ನು ಆ ತಪ್ಪಿನ ಸಂಗತಿ. ಚೇತಕ್‌ನ ಮುಖವೆಂದರೆ ಬಹುಮಟ್ಟಿಗೆ ಗಾಜೇ. ಹುಡುಗ ಅದನ್ನು ಕೊನೆಗೆಂದು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದ; ಅದರ ಹಿಂದೆ ಕೂತವರಿಗೆ ಕೆಳಗಿನ ಜನ ಕಾಣುತ್ತಾರೆಂದು ಹೇಳುತ್ತಿದ್ದ. ಆತ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅಂಟಿಸಿ ಆಶ್ಚರ್ಯಪಡಿಸೋಣವೆಂದು ನಾವು ಗೂಡಿನಲ್ಲಿದ್ದ, ಕ್ಷಣಾರ್ಧದಲ್ಲಿ ಕಚ್ಚುವ ಮನೆಬಳಕೆಯ ಅಂಟನ್ನು ಸುತ್ತಲೂ ಸವರಿ ಒತ್ತಿ ಹಿಡಿದೆವು. ಆ ಅಂಟಿನಿಂದ ಏಳುವ ಆವಿ ಒಳಗೇ ಸಿಲುಕಿ ಗಾಜಿನ ಮೇಲೆ ಬಿಳಿಯ ಪೊರೆಯಾಗಿ ಕೂಡುತ್ತದೆಂಬುದು ನಮಗೆ ಗೊತ್ತಿರಲಿಲ್ಲ. ಹುಡುಗ ಬರುವಷ್ಟರಲ್ಲಿ ಮುಂಗಾಜೆಲ್ಲ ಕಣ್ಣಿಗೆ ಪೊರೆ ಬಂದಂತೆ ಮಬ್ಬಾಗಿತ್ತು.

ತಿಳಿಯದೆ ಆದದ್ದಕ್ಕೆ ಕ್ಷಮೆಯುಂಟು. ಆದರೆ ಆತ ನಮ್ಮ ಮುಖ ನೋಡಿದಾಗ ನಮ್ಮ ಬಾಯಿಂದ ಬಂದ ಮಾತು, “ನೀನೇ ನಿನ್ನೆ ಬಣ್ಣದ ಕೈಯಿಂದ ಮುಟ್ಟಿರಬೇಕು” ಎಂಬುದು. ಅದು ಸುಳ್ಳೆಂದು ಹೇಳುವಾಗಲೇ ನಮಗೆ ಗೊತ್ತಿತ್ತು. ನಲವತ್ತು ವರ್ಷ ಅನುಭಾವದ ಮಾತುಗಳನ್ನಾಡಿದ ನಾಲಿಗೆ, ಮೂರು ಬೆರಳಿನಗಲದ ಪ್ಲಾಸ್ಟಿಕ್ಕಿಗಾಗಿ ಒಂದು ಮಗುವಿನ ಮೇಲೆ ತಪ್ಪು ಹೊರಿಸಿತು. ಆತ ವಾದಿಸಲಿಲ್ಲ. ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡು ಹೊರಗೆ ಹೋದ. ಊಟಕ್ಕೆ ಕುಳಿತಾಗ ನಮ್ಮ ಪಕ್ಕಕ್ಕೆ ಬರಲಿಲ್ಲ.

ಆ ರಾತ್ರಿ ನಿದ್ರೆ ಬಂದದ್ದು ಕಡಿಮೆ. ಮುಂಜಾನೆ ಲಿಂಗಪೂಜೆಗೆ ಕುಳಿತರೂ ಅಂಗೈಯತ್ತ ದೃಷ್ಟಿ ನಿಲ್ಲದಾಯಿತು. ಎದ್ದು ಹೋಗಿ, ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದವನಿಗೆ, ಅಂಟು ಹಾಕಿದವರು ನಾವು, ನಿನ್ನ ಮೇಲೆ ಹೇಳಿದ್ದು ಸುಳ್ಳು, ತಪ್ಪಾಯಿತು ಎಂದೆವು. ಹಿರಿಯರು ಮಕ್ಕಳ ಮುಂದೆ ಹೀಗೆ ಹೇಳಿದರೆ ಮರ್ಯಾದೆ ಹೋಗುತ್ತದೆಂದು ಬಹಳ ಮನೆಗಳಲ್ಲಿ ತಿಳಿದಿದ್ದಾರೆ; ನಾವೂ ಹಾಗೆಯೇ ತಿಳಿದಿದ್ದವರು. ಹುಡುಗ ಕೊಂಚ ಹೊತ್ತು ಮೇವಿನ ಕಟ್ಟು ಬಿಚ್ಚುತ್ತಲೇ ಇದ್ದ. ಅನಂತರ, “ಇರ್ಲಿ ಬಿಡ್ರಿ ಅಜ್ಜಾ, ನನಗ ಗೊತ್ತಿತ್ತು. ನಿಮ್ಮ ಬೆರಳಿಗೂ ಅಂಟ ಹತ್ತಿತ್ತಲ್ರಿ. ಮಾಮಾಗ ಫೋನ್ ಹಚ್ಚೂಣು” ಎಂದ.

ಮಾಮಾ ಹೇಳಿದ ಉಪಾಯ ವಿಚಿತ್ರವಾಗಿತ್ತು. ಹೆಲಿಕಾಪ್ಟರನ್ನು ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಡಿ, ಆ ಜಾತಿಯ ಅಂಟು ಚಳಿಗೆ ಪೆಡಸಾಗುತ್ತದೆ ಎಂದ. ಮಗಳು ಮೊಸರಿನ ಪಾತ್ರೆ ಸರಿಸಿ ಜಾಗ ಮಾಡಿಕೊಟ್ಟಳು. ಮರುದಿನ ಉಗುರಿನಿಂದ ಮೀಟಿದೊಡನೆ ಗಾಜು ಟಪ್ಪೆಂದು ಬಿಟ್ಟುಕೊಂಡಿತು. ಒಳಬದಿಯ ಪೊರೆಯನ್ನು ಹುಡುಗ ಹಲ್ಲುಜ್ಜುವ ಪೇಸ್ಟಿನಿಂದ ಮೆತ್ತನೆಯ ಅರಿವೆಯಲ್ಲಿ ಎರಡು ದಿನ ತಿಕ್ಕಿದ. ಬಹುಪಾಲು ಹೋಯಿತು, ಬಲಗಡೆಯ ಕೆಳಮೂಲೆಯಲ್ಲಿ ಕೊಂಚ ಮಬ್ಬು ಉಳಿದೇ ಉಳಿಯಿತು. ಈ ಸಲ ಅಂಟಿಸಿದ್ದು ಬಡಗಿಗಳು ಬಳಸುವ ಬಿಳಿಯ ಅಂಟಿನಿಂದ. ಅದು ನಿಧಾನವಾಗಿ ಹಿಡಿಯುತ್ತದೆ, ಒಣಗಿದರೆ ಕಾಣಿಸುವುದೂ ಇಲ್ಲ. ಪಾರದರ್ಶಕ ಭಾಗಗಳಿಗೆ ಅದನ್ನೇ ಬಳಸಿರೆಂದು ಎಲ್ಲ ಅಜ್ಜಂದಿರಿಗೂ ವಿನಂತಿ.

ಪೆಟ್ಟಿಗೆಯಲ್ಲಿದ್ದ ಚಿಹ್ನೆಗಳು ಪರದೇಶದವು. ಹುಡುಗನಿಗೆ ನಮ್ಮ ವಾಯುಸೇನೆಯ ಚಕ್ರವೇ ಬೇಕು: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮೂರು ಗಾತ್ರದ ಕಡ್ಡಿಗಳ ತುದಿಯನ್ನು ಸಮತಟ್ಟಾಗಿ ತಿಕ್ಕಿ, ಬಣ್ಣದಲ್ಲಿ ಅದ್ದಿ, ಒಂದು ಒಣಗಿದ ಮೇಲೆ ಅದರೊಳಗೆ ಇನ್ನೊಂದು ಎಂಬಂತೆ ಮುದ್ರೆ ಒತ್ತಿದೆವು. ಕೇಸರಿ ಬಣ್ಣವನ್ನು ಹಳದಿ, ಕೆಂಪು ಕಲಸಿ ನಾವೇ ಮಾಡಿದ್ದು. ಅದು ಕೊಂಚ ಕಾವಿಯ ಕಡೆಗೆ ವಾಲಿತು. ಅಜ್ಜ ಮಾಡಿದರೆ ಹೀಗೆಯೇ ಎಂದು ಮಗಳು ನಕ್ಕಳು.

ರೆಕ್ಕೆಗಳ ವಿಷಯವನ್ನು ಮಾತ್ರ ಹುಡುಗನೇ ನಮಗೆ ಕಲಿಸಿದ. ಫ್ರಾನ್ಸಿನ ಈ ಯಂತ್ರಗಳ ಚಕ್ರ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಅಮೆರಿಕದವು ಹೆಚ್ಚಾಗಿ ಅದಕ್ಕೆ ವಿರುದ್ಧ. ಆದ್ದರಿಂದ ದಪ್ಪನೆಯ ಅಂಚು ಯಾವ ಕಡೆಗಿರಬೇಕೆಂದು ನೋಡಿ ಅಂಟಿಸಬೇಕು. ನಿಂತ ಹೆಲಿಕಾಪ್ಟರಿನ ರೆಕ್ಕೆಗಳು ತಮ್ಮ ಭಾರಕ್ಕೇ ತುದಿಯಲ್ಲಿ ಬಾಗಿರುತ್ತವೆ. ಪೆಟ್ಟಿಗೆಯಲ್ಲಿದ್ದವು ನೆಟ್ಟಗಿದ್ದುದರಿಂದ ಬಿಸಿನೀರಿನಲ್ಲಿ ಅದ್ದಿ ಬೆರಳಿನಿಂದ ಮೆಲ್ಲನೆ ಬಾಗಿಸಿದ. ನಡುವಿನ ಗುಬ್ಬಿಗೆ ಅಂಟು ಹಾಕಿಲ್ಲ; ಊದಿದರೆ ತಿರುಗುತ್ತದೆ.

ಈಗ ಅದು ಮಗಳ ಮನೆಯಲ್ಲಿ, ನೆರೆಯ ನೀರು ಏರಿದ ಗುರುತಿರುವ ಗೋಡೆಯ ಗೂಡಿನಲ್ಲಿ, ಆ ಗುರುತಿಗಿಂತ ಒಂದು ಗೇಣು ಮೇಲೆ ನಿಂತಿದೆ. ಜಾಗವನ್ನು ಆರಿಸಿದವನು ಹುಡುಗನೇ. ದೀಪಾವಳಿಗೆ ಚೀತಾದ ಪೆಟ್ಟಿಗೆಯನ್ನು ತರುವುದಾಗಿ ಮಾಮಾ ಮಾತು ಕೊಟ್ಟಿದ್ದಾನೆ. ಅದರ ಬಾಲ ಬರಿಯ ಸರಳುಗಳ ಹಂದರ, ಜೋಡಿಸುವುದು ಕಷ್ಟವಂತೆ. ಹಂದರದ ಕೆಲಸ ನಮ್ಮ ಪಾಲಿಗೆ ಬಂದಿದೆ. ಗಾಜನ್ನು ಮಾತ್ರ ತಾನೇ ಅಂಟಿಸುವೆನೆಂದು ಆತ ಈಗಲೇ ಕರಾರು ಮಾಡಿಕೊಂಡಿದ್ದಾನೆ.