ಬಂದ ಸಿನಿಮಾಕ್ಕೆಲ್ಲ ಚಪ್ಪಾಳೆ ಬೇಡ

ಮುಂಬಯಿಯಲ್ಲಿ ಕನ್ನಡ ಸಿನಿಮಾ ನೋಡುವುದು ಈಗ ಮೊದಲಿನಷ್ಟು ಕಷ್ಟದ ಕೆಲಸವಲ್ಲ. ಹಿಂದೆ ಯಾವುದಾದರೂ ಸಂಘದವರು ಥಿಯೇಟರನ್ನು ಬಾಡಿಗೆಗೆ ಹಿಡಿದು ಭಾನುವಾರ ಬೆಳಗ್ಗೆ ಒಂದು ಪ್ರದರ್ಶನ ಏರ್ಪಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಟಿಕೇಟು ಮಾರುವ ಹೊಣೆ ಪದಾಧಿಕಾರಿಗಳದ್ದು, ಕೊಳ್ಳುವ ಹೊಣೆ ಸದಸ್ಯರದ್ದು. ಚಿತ್ರ ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಊರಿನವರು ನಾಲ್ಕು ಮಂದಿ ಸಿಗುತ್ತಾರೆ, ಎರಡೂವರೆ ಗಂಟೆ ಕನ್ನಡ ಕಿವಿಗೆ ಬೀಳುತ್ತದೆ, ಅಷ್ಟೇ ಸಾಕಾಗಿತ್ತು.

2018ರ ಡಿಸೆಂಬರ್‌ನಲ್ಲಿ ಬಂದ ‘ಕೆಜಿಎಫ್’ ಈ ಚಿತ್ರಣವನ್ನು ಬದಲಾಯಿಸಿತು. 2022ರ ಏಪ್ರಿಲ್‌ನಲ್ಲಿ ಅದರ ಎರಡನೇ ಭಾಗ, ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ‘ಕಾಂತಾರ’ ತೆರೆಕಂಡವು. ದಕ್ಷಿಣದವರೆಲ್ಲ ಒಂದೇ ಎಂದುಕೊಂಡಿದ್ದ ನಮ್ಮ ಮರಾಠಿ, ಗುಜರಾತಿ ನೆರೆಹೊರೆಯವರು ಲಿಫ್ಟ್‌ನಲ್ಲಿ ನಿಲ್ಲಿಸಿ ‘ನಿಮ್ಮ ಊರಿನಲ್ಲಿ ನಿಜವಾಗಿ ಹೀಗೆ ಕೋಲ ನಡೆಯುತ್ತದೆಯೇ’ ಎಂದು ವಿಚಾರಿಸತೊಡಗಿದರು. ಹೊರನಾಡ ಕನ್ನಡಿಗರಾದ ನಮಗೆ ಇದರಿಂದ ಹೆಮ್ಮೆಯಾಯಿತು. ಅದು ಸಹಜ.

ಆದರೆ ಹೆಮ್ಮೆಯ ಜತೆಗೆ ಒಂದು ಅಭ್ಯಾಸವೂ ಅಂಟಿಕೊಂಡಿದೆ. ಯಾವ ಕನ್ನಡ ಚಿತ್ರ ಬಿಡುಗಡೆಯಾದರೂ ಸಂಘದ ವಾಟ್ಸಾಪ್ ಗುಂಪುಗಳಲ್ಲಿ ‘ಕನ್ನಡಿಗರೆಲ್ಲರೂ ನೋಡಲೇಬೇಕಾದ ಚಿತ್ರ’ ಎಂಬ ಸಂದೇಶ ಹರಿದಾಡುತ್ತದೆ. ಕಳುಹಿಸಿದವರು ಚಿತ್ರ ನೋಡಿರುವುದಿಲ್ಲ. ನೋಡಿ ಬಂದವರು ಬೇಸರವಾದರೂ ಹೇಳುವುದಿಲ್ಲ. ‘ನಮ್ಮ ಭಾಷೆಯ ಚಿತ್ರ, ನಾವೇ ದೂರಿದರೆ ಹೇಗೆ’ ಎಂಬ ಸಂಕೋಚ. ಇತ್ತೀಚೆಗೆ ನೋಡಿದ ಕೆಲವು ಚಿತ್ರಗಳ ಬಗ್ಗೆ ಈ ಸಂಕೋಚವನ್ನು ಬದಿಗಿಟ್ಟು ನಾಲ್ಕು ಮಾತು ಹೇಳಬೇಕೆನಿಸಿತು. ಇದು ಸಿನಿಮಾ ಪಂಡಿತರ ವಿಮರ್ಶೆಯಲ್ಲ, ಟಿಕೇಟು ಕೊಂಡು ನೋಡಿದ ಒಬ್ಬ ಸಾಮಾನ್ಯ ಪ್ರೇಕ್ಷಕನ ಅನಿಸಿಕೆ.

ಮೊದಲು ನಿರಾಸೆಗಳು. 2023ರ ಮಾರ್ಚ್‌ನಲ್ಲಿ ಬಂದ ‘ಕಬ್ಜ’ಕ್ಕೆ ಬಹಳ ನಿರೀಕ್ಷೆಯಿಂದ ಹೋಗಿದ್ದೆವು. ಉಪೇಂದ್ರ, ಸುದೀಪ್, ಶಿವರಾಜ್‌ಕುಮಾರ್ ಮೂವರೂ ಒಂದೇ ಚಿತ್ರದಲ್ಲಿ ಎಂದರೆ ಯಾರಿಗೆ ಆಸೆ ಹುಟ್ಟದು? ತೆರೆಯ ಮೇಲೆ ಕಂಡದ್ದು ಮಾತ್ರ ‘ಕೆಜಿಎಫ್’ನ ನೆರಳು. ಅದೇ ಮಸಿ ಬಣ್ಣ, ಅದೇ ಹಿನ್ನೆಲೆ ನಿರೂಪಣೆ, ಅದೇ ಗುಂಡಿನ ಸುರಿಮಳೆ. ವಾಯುಪಡೆಯ ಯುವಕನೊಬ್ಬ ಅಣ್ಣನ ಕೊಲೆಯ ನಂತರ ಭೂಗತ ಲೋಕಕ್ಕೆ ಇಳಿಯುವ ಕಥೆಯಲ್ಲಿ ನೋವಿಗೆ ಜಾಗವಿತ್ತು. ಆ ನೋವು ನಮ್ಮನ್ನು ತಟ್ಟುವ ಮೊದಲೇ ಇನ್ನೊಂದು ಹೊಡೆದಾಟ ಶುರುವಾಗುತ್ತಿತ್ತು. ಕೊನೆಗೆ ಕಥೆಯೂ ಮುಗಿಯಲಿಲ್ಲ, ಎರಡನೇ ಭಾಗಕ್ಕೆ ಬನ್ನಿ ಎಂದು ಕಳುಹಿಸಿಕೊಟ್ಟರು.

2024ರ ಅಕ್ಟೋಬರ್‌ನಲ್ಲಿ ದಸರಾ ಹೊತ್ತಿಗೆ ಬಂದ ‘ಮಾರ್ಟಿನ್’ ಇದಕ್ಕಿಂತ ದೊಡ್ಡ ನಿರಾಸೆ. ಧ್ರುವ ಸರ್ಜಾ ಅವರ ಶ್ರಮ ಮೈಕಟ್ಟಿನಲ್ಲೇ ಕಾಣುತ್ತದೆ, ಅದರ ಬಗ್ಗೆ ಎರಡು ಮಾತಿಲ್ಲ. ನೆನಪು ಕಳೆದುಕೊಂಡ ನಾಯಕನ ಕಥೆ ಪಾಕಿಸ್ತಾನದಲ್ಲಿ ಆರಂಭವಾಗುತ್ತದೆ. ಚಿತ್ರ ಮುಗಿಯುವಾಗ ಏನು ನಡೆಯಿತು, ಯಾಕೆ ನಡೆಯಿತು ಎಂಬ ನೆನಪು ನಮಗೂ ಉಳಿದಿರಲಿಲ್ಲ. ಜತೆಗೆ ಬಂದಿದ್ದ ಹಿರಿಯರೊಬ್ಬರು ಮಧ್ಯಂತರದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕುಳಿತರು. ಹತ್ತು ವರ್ಷದ ಮೊಮ್ಮಗ ‘ಇದು ಹಿಂದಿಯಲ್ಲೇ ಇದ್ದರೂ ಏನೂ ವ್ಯತ್ಯಾಸ ಇರಲಿಲ್ಲ ಅಲ್ಲವಾ ಅಜ್ಜ’ ಎಂದ. ಹುಡುಗ ಅರಿಯದೆ ಆಡಿದ ಈ ಮಾತಿನಲ್ಲಿ ಇಡೀ ವಿಷಯ ಅಡಗಿದೆ.

ಎಲ್ಲ ರಾಜ್ಯದವರಿಗೂ ಹಿಡಿಸಬೇಕೆಂದು ಹೊರಟಾಗ ಮೊದಲು ಬಿಟ್ಟುಹೋಗುವುದು ಊರು, ಅದರ ಹಿಂದೆ ಮಾತು. ನಾಯಕ ಯಾವ ತಾಲೂಕಿನವನು, ಅವನ ತಾಯಿ ಯಾವ ಸೀಮೆಯ ಕನ್ನಡ ಆಡುತ್ತಾಳೆ, ಅವರ ಮನೆಯಲ್ಲಿ ಏನು ಅಡಿಗೆ ಎಂಬುದೊಂದೂ ಗೊತ್ತಾಗುವುದಿಲ್ಲ. ಐದು ಭಾಷೆಗೂ ಹೊಂದುವ ಹಾಗೆ ಬರೆದ ಸಂಭಾಷಣೆ ಯಾವ ಭಾಷೆಗೂ ಸೇರಿದ್ದಲ್ಲ. ಒಳನಾಡಿನಲ್ಲಿ ಇರುವವರಿಗೆ ಇದು ಒಂದು ಸಂಜೆಯ ನಷ್ಟ. ಬಸ್ಸಿನಲ್ಲಿ, ಅಂಗಡಿಯಲ್ಲಿ ಅವರಿಗೆ ಕನ್ನಡ ಹೇಗೂ ಸಿಗುತ್ತದೆ. ನಮ್ಮ ಪರಿಸ್ಥಿತಿ ಬೇರೆ.

ಇದಕ್ಕೆ ವ್ಯತಿರಿಕ್ತವಾಗಿ, ಏನೂ ನಿರೀಕ್ಷೆಯಿಲ್ಲದೆ ಹೋಗಿ ಸಂತೋಷಪಟ್ಟ ಚಿತ್ರಗಳನ್ನು ನೋಡಿ. 2023ರ ಮೇ ತಿಂಗಳಲ್ಲಿ ಬಿಡುಗಡೆಯಾದ ‘ಡೇರ್‌ಡೆವಿಲ್ ಮುಸ್ತಫಾ’ ಪೂರ್ಣಚಂದ್ರ ತೇಜಸ್ವಿಯವರ ಸಣ್ಣಕಥೆಯನ್ನು ಆಧರಿಸಿದ್ದು. ತೇಜಸ್ವಿ ಅಭಿಮಾನಿಗಳೇ ಹಣ ಸೇರಿಸಿ ನಿರ್ಮಿಸಿದ ಈ ಚಿತ್ರದಲ್ಲಿ ದೊಡ್ಡ ತಾರೆಯರಿಲ್ಲ. ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರುತ್ತಾನೆ. ಉಳಿದವರಿಗೆ ಅವನೆಂದರೆ ಅನುಮಾನ, ಸ್ವಲ್ಪ ಭಯ, ಸ್ವಲ್ಪ ಕುತೂಹಲ. ಜಗಳ, ಕ್ರಿಕೆಟ್, ಪೋಲಿತನ ಎಲ್ಲ ದಾಟಿ ಅವರು ಒಂದಾಗುವುದನ್ನು ಉಪದೇಶವಿಲ್ಲದೆ, ನಗಿಸುತ್ತಾ ಹೇಳಿದ್ದಾರೆ. ಚಿತ್ರ ಮುಗಿದ ಮೇಲೆ ನಮ್ಮ ಜತೆಗಿದ್ದ ಕಾಲೇಜು ಹುಡುಗಿಯೊಬ್ಬಳು ಮೂಲ ಕಥೆ ಯಾವ ಪುಸ್ತಕದಲ್ಲಿದೆ ಎಂದು ಕೇಳಿದಳು. ‘ಅಬಚೂರಿನ ಪೋಸ್ಟಾಫೀಸು’ ಸಂಕಲನವನ್ನು ಅಮ್ಮನಿಂದ ಓದಿಸಿಕೊಂಡು ಕೇಳಿದಳಂತೆ. ಸಿನಿಮಾವೊಂದು ಇದಕ್ಕಿಂತ ಹೆಚ್ಚು ಏನು ಮಾಡಬೇಕು?

2024ರ ‘ಶಾಖಾಹಾರಿ’ಯನ್ನು ಮನೆಯಲ್ಲಿ ಟಿವಿಯಲ್ಲಿ ನೋಡಿದ್ದು. ಮಲೆನಾಡಿನ ಸಣ್ಣ ಪೇಟೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು ಅವರದ್ದು ಬಲು ಹದವಾದ ಅಭಿನಯ. ಕೊಲೆಯ ಆರೋಪ ಹೊತ್ತು ಪೊಲೀಸರಿಂದ ತಪ್ಪಿಸಿಕೊಂಡವನೊಬ್ಬ ಆ ಹೋಟೆಲು ಸೇರಿದ ಮೇಲೆ ಕಥೆ ಕಾವೇರುತ್ತದೆ. ಹೋಟೆಲು ಉದ್ಯಮದಲ್ಲಿ ಬೆವರು ಸುರಿಸಿದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಬೆಳಗ್ಗಿನ ಒಲೆ, ಹಬೆ, ಗಿರಾಕಿಯ ಕಿರಿಕಿರಿ ಇವುಗಳನ್ನು ಅವರು ನೋಡಿದರೆ ಕಥೆಗಿಂತ ಮೊದಲು ಹೋಟೆಲನ್ನೇ ಮೆಚ್ಚಿಕೊಳ್ಳುತ್ತಾರೆ.

2025ರ ಜುಲೈಯಲ್ಲಿ ಬಂದ ‘ಸು ಫ್ರಮ್ ಸೋ’ ಬಗ್ಗೆ ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ಜೆ.ಪಿ. ತುಮಿನಾಡು ನಿರ್ದೇಶನದ ಈ ಚಿತ್ರದಲ್ಲಿ ಕರಾವಳಿಯ ಹಳ್ಳಿಯ ಯುವಕನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾಳ ಪ್ರೇತ ಬಂದಿದೆ ಎಂದು ಊರೇ ನಂಬುತ್ತದೆ. ಮದುವೆ ಮನೆ, ಸಾವಿನ ಮನೆ, ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣ, ಯಾರ ಮಾತನ್ನೂ ಪೂರ್ತಿ ಕೇಳದ ಊರವರು. ಇವರೆಲ್ಲ ನಮಗೆ ಗೊತ್ತಿರುವವರೇ, ನಮ್ಮ ಸಂಘದ ಮಹಾಸಭೆಯಲ್ಲೂ ಸಿಗುತ್ತಾರೆ! ನಕ್ಕು ಸುಸ್ತಾದ ಹೊತ್ತಿಗೆ ಚಿತ್ರ ಒಬ್ಬ ಹೆಣ್ಣುಮಗಳ ಕಷ್ಟದತ್ತ ತಿರುಗುತ್ತದೆ, ಆಗ ನಗು ಗಂಟಲಲ್ಲೇ ನಿಲ್ಲುತ್ತದೆ. ಮಂಗಳೂರು ಕನ್ನಡವನ್ನು ಗೇಲಿ ಮಾಡದೆ, ಅದರಲ್ಲೇ ಬದುಕುವವರ ಮಾತಾಗಿ ಬಳಸಿರುವುದು ಶ್ಲಾಘನೀಯ. ಸ್ಟಾರ್ ಇಲ್ಲದ, ಹಳ್ಳಿ ಬಿಟ್ಟು ಹೊರಗೆ ಹೋಗದ ಈ ಕಥೆಯನ್ನು ಮಲಯಾಳಿಗಳೂ ತಮ್ಮ ಭಾಷೆಯ ಡಬ್ಬಿಂಗ್‌ನಲ್ಲಿ ನೋಡಿದರು. ಎಲ್ಲರನ್ನೂ ಮೆಚ್ಚಿಸಲು ಊರು ಬಿಡಬೇಕಾಗಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಇವೆರಡರ ಮಧ್ಯದ ಚಿತ್ರಗಳೂ ಇವೆ. 2023ರ ಸೆಪ್ಟೆಂಬರ್‌ನ ‘ಸಪ್ತ ಸಾಗರದಾಚೆ ಎಲ್ಲೋ’ ಮೊದಲ ಭಾಗದಲ್ಲಿ ರಕ್ಷಿತ್ ಶೆಟ್ಟಿ ಮತ್ತು ರುಕ್ಮಿಣಿ ವಸಂತ್ ಮನಸ್ಸಿನಲ್ಲಿ ಉಳಿದರು. ನವೆಂಬರ್‌ನಲ್ಲಿ ಬಂದ ಎರಡನೇ ಭಾಗ ಮೊದಲನೆಯದರ ಎತ್ತರಕ್ಕೆ ಏರಲಿಲ್ಲ ಎಂದೇ ನನ್ನ ಅನಿಸಿಕೆ. 2025ರ ಅಕ್ಟೋಬರ್ 2ರಂದು ತೆರೆಕಂಡ ‘ಕಾಂತಾರ: ಚಾಪ್ಟರ್ 1’ ಕಣ್ಣಿಗೆ ಹಬ್ಬ. ಆದರೆ 2022ರ ‘ಕಾಂತಾರ’ದಲ್ಲಿದ್ದ ಕುಂದಾಪುರ ಕಡೆಯ ಮನೆಮಾತಿನ ಸಲಿಗೆ ಇದರಲ್ಲಿ ಕಡಿಮೆ. ವೈಭವ ಹೆಚ್ಚಿದಂತೆ ಹರಟೆ ಕಡಿಮೆಯಾಗಿದೆ. ಬೇರೆಯವರಿಗೆ ಬೇರೆ ಅನಿಸಿರಬಹುದು. ಅವರೂ ಹೇಳಲಿ, ಅದೇ ಬೇಕಾಗಿರುವುದು.

ಒಂದು ಚಿತ್ರವನ್ನು ಮುಂಬಯಿಯವರು ವಿಶೇಷವಾಗಿ ಗಮನಿಸಬೇಕು. 2023ರ ಮುಂಬಯಿ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ, ಸುಮಂತ್ ಭಟ್ ನಿರ್ದೇಶನದ ‘ಮಿಥ್ಯ’. ಮುಂಬಯಿಯಲ್ಲಿ ಬೆಳೆದ 11 ವರ್ಷದ ಹುಡುಗ ತಂದೆ ತಾಯಿಯನ್ನು ಕಳೆದುಕೊಂಡು ಉಡುಪಿ ಕಡೆ ಚಿಕ್ಕಮ್ಮನ ಮನೆ ಸೇರುತ್ತಾನೆ. ಊರು ಅವನದ್ದಲ್ಲ, ಶಾಲೆ ಅವನದ್ದಲ್ಲ, ದುಃಖವನ್ನು ಹೇಳಿಕೊಳ್ಳಲು ಮಾತೂ ಒದಗುವುದಿಲ್ಲ. ನಾವು ಊರಿನಿಂದ ಮುಂಬಯಿಗೆ ಬಂದವರ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇವೆ. ಇಲ್ಲಿಂದ ಅಲ್ಲಿಗೆ ಹೋದ ಮಗುವಿನ ಕಥೆ ಅಪರೂಪ. ರಜೆಗೆ ಊರಿಗೆ ಹೋದ ನಮ್ಮ ಮಕ್ಕಳು ಅಜ್ಜಿಯ ಮುಂದೆ ಮಾತಿಗೆ ತಡವರಿಸುವುದನ್ನು ಕಂಡವರಿಗೆ ಈ ಹುಡುಗನ ಮೌನ ಏನೆಂದು ಬೇಗ ಅರ್ಥವಾಗುತ್ತದೆ. ಇಂತಹ ಚಿತ್ರದ ಬಗ್ಗೆ ನಮ್ಮ ಎಷ್ಟು ಸಂಘಗಳ ಗುಂಪಿನಲ್ಲಿ ಸಂದೇಶ ಬಂದಿತ್ತು? ನಾನಿರುವ ಮೂರು ಗುಂಪುಗಳಲ್ಲಿ ಒಂದರಲ್ಲೂ ಬಂದಿರಲಿಲ್ಲ.

ಸಿನಿಮಾ ಎಂದರೆ ಮನರಂಜನೆ, ಅದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೆಲವರು ಕೇಳಬಹುದು. ನಮ್ಮ ಮಕ್ಕಳಿಗೆ ಕನ್ನಡ ಎಲ್ಲಿ ಸಿಗುತ್ತದೆ ಎಂದು ಯೋಚಿಸಿ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಾ ಬಂದಿದೆ. ಕಟ್ಟಡದ ಅಂಗಳದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ. ಮನೆಯಲ್ಲಿ ‘ಊಟ ಮಾಡು, ಸ್ನಾನ ಮಾಡು’ ಎಂಬಷ್ಟು ಕನ್ನಡ ಅಥವಾ ತುಳು. ನಗುವ, ಜಗಳವಾಡುವ, ಪ್ರೀತಿಸುವ, ಅಳುವ ಕನ್ನಡ ಅವರ ಕಿವಿಗೆ ಬೀಳುವ ಜಾಗಗಳು ಬೆರಳೆಣಿಕೆಯಷ್ಟು. ಯಕ್ಷಗಾನ, ನಾಟಕ, ಅದು ಬಿಟ್ಟರೆ ಸಿನಿಮಾ. ಅಲ್ಲಿಯೂ ಗುಂಡಿನ ಸದ್ದಷ್ಟೇ ಕೇಳಿಸಿದರೆ ಆ ಮಗು ಎರಡನೇ ಸಲ ನಮ್ಮ ಜತೆ ಬರುವುದಿಲ್ಲ.

ಆದ್ದರಿಂದ ಸಂಘ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಮೂರು ವಿನಂತಿಗಳಿವೆ. ಒಂದು, ಟಿಕೇಟು ಕಾದಿರಿಸುವಾಗ ಯಾವ ಭಾಷೆಯ ಪ್ರದರ್ಶನ ಎಂದು ಖಚಿತಪಡಿಸಿಕೊಳ್ಳಿ. ‘ಕಾಂತಾರ’ದ ಸಮಯದಲ್ಲಿ ವೇಳೆ ಹೊಂದುತ್ತದೆ ಎಂಬ ಕಾರಣಕ್ಕೆ ಹಿಂದಿ ಡಬ್ಬಿಂಗ್ ನೋಡಿ ಬಂದ ಕನ್ನಡ ಕುಟುಂಬಗಳು ಎಷ್ಟೋ ಇವೆ. ಮಲ್ಟಿಪ್ಲೆಕ್ಸಿನವರು ಸೀಟು ಎಷ್ಟು ತುಂಬಿತು ಎಂದು ನೋಡುತ್ತಾರೆ. ಕನ್ನಡದ ಪ್ರದರ್ಶನ ಖಾಲಿ ಇದ್ದರೆ ಮುಂದಿನ ವಾರ ಅದು ಇರುವುದಿಲ್ಲ, ಅವರನ್ನು ದೂರಿ ಫಲವಿಲ್ಲ.

ಎರಡು, ದೊಡ್ಡ ಚಿತ್ರಗಳಿಗೆ ನಮ್ಮ ಆಸರೆ ಬೇಕಾಗಿಲ್ಲ. ವರ್ಷಕ್ಕೆ ಎರಡು ಸಣ್ಣ ಚಿತ್ರಗಳನ್ನಾದರೂ ಆರಿಸಿ, ಎರಡು ಮೂರು ಸಂಘಗಳು ಒಟ್ಟಾಗಿ ಒಂದು ಪ್ರದರ್ಶನ ಏರ್ಪಡಿಸಿ. ಆರಿಸುವ ಕೆಲಸವನ್ನು ಯುವ ವಿಭಾಗ ಮತ್ತು ಮಹಿಳಾ ವಿಭಾಗಕ್ಕೆ ವಹಿಸಿದರೆ ಇನ್ನೂ ಒಳ್ಳೆಯದು. ಅಧ್ಯಕ್ಷರಿಗೆ ಪರಿಚಯದವರ ಚಿತ್ರ ಎಂಬುದು ಆಯ್ಕೆಯ ಮಾನದಂಡ ಆಗದಿರಲಿ.

ಮೂರು, ನೋಡಿದ ಮೇಲೆ ಇದ್ದದ್ದನ್ನು ಇದ್ದಂತೆ ಹೇಳಿ. ಹೊರನಾಡಿಗೆ ಕನ್ನಡ ಚಿತ್ರ ಬರುವುದೇ ಅಪರೂಪ, ಬಂದದ್ದನ್ನು ಹೊಗಳಿದರೆ ಇನ್ನಷ್ಟು ಬರುತ್ತವೆ ಎಂಬ ವಾದವಿದೆ. ಆ ವಾದದಲ್ಲಿ ಪ್ರೀತಿಯಿದೆ, ಆದರೆ ಲೆಕ್ಕ ತಪ್ಪಿದೆ. ಕೆಟ್ಟ ಚಿತ್ರಕ್ಕೆ ಕರೆದುಕೊಂಡು ಹೋದವರ ಮಾತನ್ನು ಜನ ಒಳ್ಳೆಯ ಚಿತ್ರ ಬಂದಾಗಲೂ ನಂಬುವುದಿಲ್ಲ. ‘ಕಬ್ಜ’ ನೋಡಲೇಬೇಕು ಎಂದು ಸಂದೇಶ ಕಳುಹಿಸಿದವರು ‘ಸು ಫ್ರಮ್ ಸೋ’ ನೋಡಲೇಬೇಕು ಎಂದಾಗ, ನಮ್ಮ ಗುಂಪಿನಲ್ಲಿ ಮೂವರು ಮಾತ್ರ ಉತ್ತರಿಸಿದರು. ಉಳಿದವರು ಆ ಚಿತ್ರವನ್ನು ಬೇರೆಯವರು ಹೇಳಿದ ಮೇಲೆ, ಕೆಲವರು ಅದು ಥಿಯೇಟರಿನಿಂದ ಹೋದ ಮೇಲೆ ನೋಡಿದರು.

ಮುಂದಿನ ಪ್ರದರ್ಶನ ಮುಗಿದ ಕೂಡಲೇ ಗಡಿಬಿಡಿಯಲ್ಲಿ ರೈಲು ಹಿಡಿಯಲು ಓಡದೆ, ಹೊರಗೆ ಹತ್ತು ನಿಮಿಷ ನಿಂತು ಮಾತಾಡೋಣ. ಮಕ್ಕಳನ್ನು ಮೊದಲು ಕೇಳೋಣ, ಹಿಡಿಸಿತೇ, ಯಾವ ಮಾತು ಅರ್ಥವಾಗಲಿಲ್ಲ ಎಂದು. ಅರ್ಥವಾಗದ ಮಾತನ್ನು ಹಿರಿಯರು ಬಿಡಿಸಿ ಹೇಳಲಿ. ಚಿತ್ರ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಮಕ್ಕಳು ಕನ್ನಡದಲ್ಲೇ ಹೇಳಲಿ, ಅದನ್ನು ಕೇಳಲು ನಮಗೆ ಸಂತೋಷವೇ ಆಗಬೇಕು.